ಎಳಿ ಬಿಟ್ಟ ಮೀನು

ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಹಳೆಯ ಸೀರೆಯ ತುಂಡೊಂದನ್ನು ಎರಡೂ ಕೈಯಲ್ಲಿ ಜೋಳಿಗೆಯಂತೆ ಹಿಡಿದು, ಅದರೊಳಗೆ ನಾಲ್ಕು ಕಿಲೋ ತೂಗುವ ಗೆಂಡೆ ಮೀನೊಂದನ್ನು ಮಲಗಿಸಿಕೊಂಡು ಬನಪ್ಪ ಕಾಕಾ ದಂಡೆಯ ಕಡೆ ನಡೆದು ಬರುತ್ತಿದ್ದರು. ಮೀನು ಒದ್ದಾಡುತ್ತಿರಲಿಲ್ಲ. ಬಾಯಿ ತೆರೆದು ಮುಚ್ಚುತ್ತ, ಸಾಕಷ್ಟು ಜಗತ್ತನ್ನು ನೋಡಿದ ಮುದುಕಿಯ ಹಾಗೆ ಸುಮ್ಮನೆ ಮಲಗಿರುತ್ತಿತ್ತು. ದಂಡೆಯ ಮೇಲೆ ಬುಟ್ಟಿ ಹಿಡಿದು ನಿಂತ ಕೆಲಸದ ಹುಲಿಗೆವ್ವ, "ನೋಡ್ರಿಬೇ, ಕಾಕಾ ಮೀನಿಗಿ ಕುಬಸ ಮಾಡಾಕತ್ಯಾನ. ಆರತಿ ತರ್ರಿ ಯಾರರ" ಎಂದು ಕೂಗಿ ಎಲ್ಲರನ್ನೂ ನಗಿಸುತ್ತಿದ್ದಳು. ಬಸುರಿಗೆ ಹೊಸ ಸೀರೆ ಉಡಿಸಿ ಹಾಡು ಹೇಳುವ ಕಾರ್ಯಕ್ಕೂ ಈ ಕೆಲಸಕ್ಕೂ ಬಹಳ ದೂರವೇನಿರಲಿಲ್ಲ. ಆ ಮೀನಿನ ಹೊಟ್ಟೆಯ ತುಂಬ ತತ್ತಿ ಇರುತ್ತಿದ್ದದ್ದು ಖರೆ. ಕಾಕಾ ಮಾತ್ರ ನಗುತ್ತಿರಲಿಲ್ಲ. "ಗದ್ಲಾ ಮಾಡಬ್ಯಾಡ್ರಿ, ಅದಕ್ಕ ಅಂಜಿಕಿ ಆಕ್ಕೈತಿ" ಎನ್ನುತ್ತಿದ್ದರು.

ಅಮೀನಗಡ ದಾಟಿ ಐಹೊಳೆಯ ಕಡೆ ತಿರುಗುವ ರಸ್ತೆಯಲ್ಲಿ, ಮಲಪ್ರಭೆಯ ದಂಡೆಗೆ, ಒಂದು ಸಹಕಾರಿ ಸಂಘದವರ ಮೀನುಮರಿ ಕೇಂದ್ರವಿತ್ತು. ಎರಡು ದೊಡ್ಡ ಹೊಂಡ, ಆರು ಸಿಮೆಂಟ್ ತೊಟ್ಟಿ, ಒಂದು ತಗಡಿನ ಕೋಣೆ. ಅದರ ಉಸ್ತುವಾರಿ ನನ್ನದು. ದಿನಾ ಬಾಗಲಕೋಟೆಯಿಂದ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಬನಪ್ಪ ಕಾಕಾ ಇಳಕಲ್ಲಿನವರು. ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯ್ದವರು. ಕಣ್ಣು ಮಂಜಾಗಿ, ಮೊಣಕಾಲು ಹಿಡಿದುಕೊಂಡು, ಮಗ್ಗದ ಕುಣಿಯಿಂದ ಎದ್ದು ಬರಲು ಇನ್ನೊಬ್ಬರ ಕೈ ಬೇಕಾದಾಗ ನೇಯುವುದನ್ನು ಬಿಟ್ಟರು. ನಮ್ಮ ಹರಿದ ಬಲೆ ಹೊಲಿದುಕೊಡಲು ಯಾರೋ ಅವರನ್ನು ಕರೆತಂದರು. ಎರಡು ದಿನದ ಕೆಲಸಕ್ಕೆ ಬಂದವರು ಎಂಟು ವರ್ಷ ಉಳಿದರು.

ಅವರು ಮೀನು ತಿನ್ನುತ್ತಿರಲಿಲ್ಲ. ನಾನೂ ತಿನ್ನುವವಳಲ್ಲ. ಮಧ್ಯಾಹ್ನ ಇಬ್ಬರೂ ತಗಡಿನ ಕೋಣೆಯ ನೆರಳಿಗೆ ಕೂತು ರೊಟ್ಟಿ, ಹೆಸರುಕಾಳಿನ ಪಲ್ಲೆ ಬಿಚ್ಚಿದರೆ, ಮೀನುಮರಿ ಒಯ್ಯಲು ಬಂದ ರೈತರಿಗೆ ಚೇಷ್ಟೆಯ ಹುರುಪು ಬರುತ್ತಿತ್ತು. "ತಿನ್ನಲಾರದವ್ರು ಇಬ್ರೂ ಕೂಡಿ ಸಾಕಾಕತ್ತೀರಲ್ರಿ, ನಿಮಗ ಇದರ ರುಚಿ ಏನ ಗೊತ್ತು" ಎನ್ನುತ್ತಿದ್ದರು. ಕಾಕಾರ ಉತ್ತರ ಒಂದೇ. "ನಾ ತಿನ್ನೂದಿಲ್ಲಂತ ಅವಕ್ಕ ಗೊತ್ತೈತ್ರಿ. ಅದಕ್ಕ ನನ್ನ ಕೈಯಾಗ ಸುಮ್ಮ ಇರ್ತಾವು." ಇದನ್ನು ಅವರು ತಮಾಷೆಗೆ ಹೇಳುತ್ತಿದ್ದರೋ ನಂಬಿ ಹೇಳುತ್ತಿದ್ದರೋ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮುಂಜಾನೆ ಬಂದ ಕೂಡಲೇ ಬನಶಂಕರಿಯ ಹೆಸರು ಹೇಳಿ ಹೊಂಡದ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆ ನೀರು ಕಣ್ಣಿಗೆ ಒತ್ತಿಕೊಳ್ಳುವಂಥದ್ದಲ್ಲ ಎಂದು ನಾನು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟೆ.

ಮಗ್ಗ ಬಿಟ್ಟರೂ ಅವರ ಕೈ ಮಗ್ಗವನ್ನು ಬಿಟ್ಟಿರಲಿಲ್ಲ. ಕೂತಲ್ಲಿ ಬಲಗೈ ತೊಡೆಯ ಮೇಲೆ ಒಮ್ಮೆ ಆಚೆ, ಒಮ್ಮೆ ಈಚೆ ಜಾರುತ್ತಿರುತ್ತಿತ್ತು, ಇಲ್ಲದ ಲಾಳಿಯನ್ನು ಎಸೆಯುತ್ತಿರುವ ಹಾಗೆ. ಅದು ಅವರ ಗಡಿಯಾರ. ರೋಗ ಬಿದ್ದ ಮೀನನ್ನು ಉಪ್ಪು ನೀರಿನ ತೊಟ್ಟಿಯಲ್ಲಿ ಕೆಲವು ನಿಮಿಷ ಇಟ್ಟು ತೆಗೆಯಬೇಕು. ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ಮೀನಿಗೇ ಅಪಾಯ. ನಾನು ಮೊಬೈಲಿನಲ್ಲಿ ಸಮಯ ಹಚ್ಚಿ ನಿಂತರೆ, ಕಾಕಾ ತೊಟ್ಟಿಯ ಅಂಚಿಗೆ ಕೂತು ತೊಡೆಯ ಮೇಲೆ ಕೈ ಆಡಿಸುತ್ತ, ಮೀನಿನ ಮೇಲೆ ಕಣ್ಣಿಟ್ಟಿರುತ್ತಿದ್ದರು. ಒಮ್ಮೆ ನನ್ನ ಮೊಬೈಲು ಕೂಗುವುದಕ್ಕೆ ಇನ್ನೂ ಒಂದು ನಿಮಿಷವಿರುವಾಗಲೇ ಮೀನನ್ನು ಎತ್ತಿ ಸಿಹಿ ನೀರಿಗೆ ಬಿಟ್ಟರು. ನಾನು ಸಿಡುಕಿದೆ.

"ಕಾಕಾ, ಇನ್ನಾ ಟೈಮ್ ಆಗಿಲ್ಲ."

"ಒಂದ ಮಗ್ಗಲಕ್ಕ ವಾಲಾಕತ್ತಿತ್ರಿ ಅಕ್ಕಾರ. ನಿಮ್ಮ ಮೊಬೈಲ ಮೀನ ನೋಡಂಗಿಲ್ಲ. ನೀವರ ನೋಡ್ರಿ."

ಅವತ್ತಿನಿಂದ ನಾನೂ ಮೀನನ್ನು ನೋಡತೊಡಗಿದೆ. ಪುಸ್ತಕದಲ್ಲಿ ನಿಮಿಷ ಬರೆದಿರುತ್ತಾರೆ. ಯಾವ ಮೀನು ಎಷ್ಟು ದಣಿದಿದೆ ಎಂದು ಬರೆದಿರುವುದಿಲ್ಲ.

ನಮ್ಮ ಕೇಂದ್ರದ ದೊಡ್ಡ ಶತ್ರು ಬೂಷ್ಟು. ರೊಟ್ಟಿಗೆ, ಉಪ್ಪಿನಕಾಯಿಗೆ ಹಿಡಿಯುವಂಥದ್ದೇ ಒಂದು, ನೀರಿನಲ್ಲಿ ಇರುತ್ತದೆ. ಗಟ್ಟಿ ಮೀನಿಗೆ ಅದು ಏನೂ ಮಾಡುವುದಿಲ್ಲ. ಆದರೆ ಬಲೆಗೆ ಉಜ್ಜಿಯೋ ತೊಟ್ಟಿಯ ಗೋಡೆಗೆ ಬಡಿದೋ ಹುರುಪೆ ಕಿತ್ತು ಬಂದರೆ, ಅದರ ಮೇಲೆ ನೀರು ತಣ್ಣಗಿದ್ದರೆ, ಆ ಗಾಯದಲ್ಲಿ ಬೇರೂರುತ್ತದೆ. ಎರಡು ಮೂರು ದಿನಕ್ಕೆ ಹತ್ತಿಯ ಅರಳೆ ಅಂಟಿಸಿದಂತೆ ಬೆಳ್ಳಗೆ ಕಾಣುತ್ತದೆ. ಅಷ್ಟು ಕಂಡಾಗ ಅರ್ಧ ಕೆಲಸ ಕೆಟ್ಟಿರುತ್ತದೆ. ಕಾಕಾ ಅದಕ್ಕೆ ರೋಗ ಎನ್ನುತ್ತಿರಲಿಲ್ಲ. ಮೊದಲ ಒಂದು ಬಿಳಿ ನೂಲು ರೆಕ್ಕೆಯ ಅಂಚಿಗೆ ಕಾಣುವ ಹೊತ್ತಿಗೇ ಬಂದು, ದನಿ ತಗ್ಗಿಸಿ, "ಅಕ್ಕಾರ, ನಾಕನೇ ತೊಟ್ಟ್ಯಾಗ ಒಂದು ಎಳಿ ಬಿಟ್ಟೈತ್ರಿ" ಎನ್ನುತ್ತಿದ್ದರು. ನನ್ನ ಕಣ್ಣಿಗೆ ಅಲ್ಲಿ ನೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಂಜಾದ ಕಣ್ಣಿನ ಮನುಷ್ಯನಿಗೆ ಮೂರಡಿ ನೀರಿನ ಕೆಳಗಿನ ಒಂದೆಳೆ ಹೇಗೆ ಕಾಣುತ್ತದೆ ಎಂದು ಕೇಳಿದರೆ, "ನೂಲ ಹರದಲ್ಲಿ ಕಣ್ಣ ತಾನ ಹೊಕ್ಕೈತ್ರಿ. ರೂಢಿ" ಎನ್ನುತ್ತಿದ್ದರು. ಬರಬರುತ್ತ ಕೇಂದ್ರದಲ್ಲಿ ಎಲ್ಲರೂ ಹಾಗೇ ಹೇಳತೊಡಗಿದೆವು. ನಾನು ಸಂಘಕ್ಕೆ ಬರೆದ ಕಾಗದವೊಂದರಲ್ಲಿ ಮೈಮರೆತು "ಎರಡು ಮೀನು ಎಳಿ ಬಿಟ್ಟಿವೆ" ಎಂದು ಬರೆದು, ಕಾರ್ಯದರ್ಶಿಗಳು ಫೋನು ಮಾಡಿ ಹಂಗಂದ್ರೇನ್ರಿ ಎಂದು ಕೇಳಿದ್ದೂ ಉಂಟು.

ಕೇಂದ್ರದಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕ ಇತ್ತು. ಒಂದು ದಿನ ಮೀನಿನ ಮೈಯಿಂದ ಆ ಬಿಳಿಯದನ್ನು ಚೂರು ತೆಗೆದು ಗಾಜಿನ ಮೇಲಿಟ್ಟು ಕಾಕಾರನ್ನು ಕರೆದೆ. ಅವರು ಟೊಪ್ಪಿಗೆ ತೆಗೆದು ಬದಿಗಿಟ್ಟು, ದೇವರ ಮುಂದೆ ಬಾಗುವ ಹಾಗೆ ಬಾಗಿ, ಬಹಳ ಹೊತ್ತು ನೋಡಿದರು. ನನಗೆ ಬೆನ್ನು ನೋಯತೊಡಗಿತು, ಅವರಿಗೆ ನೋಯಲಿಲ್ಲ.

"ಬರೇ ಹಾಸು ಹಾಕಿ ಬಿಟ್ಟ ಮಗ್ಗ ಇದ್ದಂಗ ಐತ್ರಿ. ಅಡ್ಡ ಹೊಕ್ಕು ಇಲ್ಲ," ಎಂದರು. ಮತ್ತೆ ಬಾಗಿದರು. "ಒಂದೂ ಗಂಟಿಲ್ಲ ನೋಡ್ರಿ. ಇಷ್ಟುದ್ದ ನೂಲು, ಒಂದರ ಗಂಟ ಇರಬೇಕೋ ಬ್ಯಾಡೋ. ಹೆಂತಾ ನೂಲು ನೂಲಾಂವ ಇದ್ದಾನ ಇವ."

ಎಳೆಗಳ ಒಳಗೆ ಅಡ್ಡಗೋಡೆ ಇಲ್ಲದಿರುವುದೇ ಈ ಬೂಷ್ಟಿನ ಗುರುತು ಎಂದು ನಾನು ಓದುವಾಗ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ಕಣ್ಣಿಟ್ಟು ನೋಡಿ, ಇದರಲ್ಲಿ ಗಂಟಿಲ್ಲವಲ್ಲ ಎಂದು ಬೆರಗಾಗಿದ್ದು ನೆನಪಿಲ್ಲ. ಕಾಕಾರ ಹತ್ತಿರ ನನಗೆ ಆಗಾಗ ಇಂಥ ಸಣ್ಣ ನಾಚಿಕೆಗಳಾಗುತ್ತಿದ್ದವು, ಅವು ಹಿತವಾಗಿಯೇ ಇದ್ದವು.

ಗೆಂಡೆ ಮೀನಿನ ತತ್ತಿ ಅಂಟು. ತೊಟ್ಟಿಯಲ್ಲಿ ಜೊಂಡು ಹಾಕಿದರೆ ಅದರ ಎಲೆಗೆ ಸಾಬೂದಾಣಿಯಂತೆ ಹತ್ತಿಕೊಳ್ಳುತ್ತದೆ. ಜೀವವಿರುವ ತತ್ತಿ ತಿಳಿಯಾಗಿರುತ್ತದೆ, ಸತ್ತದ್ದು ಬೆಳ್ಳಗಾಗುತ್ತದೆ. ಬೂಷ್ಟು ಮೊದಲು ಹಿಡಿಯುವುದು ಸತ್ತದ್ದನ್ನು. ಅಲ್ಲಿಂದ ಎಳೆ ಚಾಚಿ ಪಕ್ಕದ ಜೀವಂತ ತತ್ತಿಯನ್ನೂ ಸುತ್ತಿಕೊಳ್ಳುತ್ತದೆ. ನಾವೆಲ್ಲ ಜೊಂಡನ್ನು ಔಷಧದ ನೀರಿನಲ್ಲಿ ಅದ್ದಿ ಕೈ ತೊಳೆದುಕೊಂಡರೆ, ಕಾಕಾ ಕೋಳಿಯ ಗರಿಯ ತುದಿ ಹಿಡಿದು ಒಂದೊಂದೇ ಬಿಳಿ ತತ್ತಿಯನ್ನು ಬಿಡಿಸಿ ತೆಗೆಯುತ್ತಿದ್ದರು. ಮುಂಜಾನೆ ಕೂತರೆ ಊಟದ ಹೊತ್ತಿನ ತನಕ. ನಾನು, "ಎಷ್ಟ ಅಂತ ತಗೀತೀರಿ, ಕಾಕಾ? ಲಕ್ಷ ಅದಾವು" ಎಂದೆ. "ಲಕ್ಷ ನಿಮಗರಿ. ನನಗ ಇದೊಂದು, ಆಮ್ಯಾಲ ಇದೊಂದು" ಎಂದರು. ಆ ವರ್ಷ ಅವರ ತೊಟ್ಟಿಯ ಮರಿಗಳೇ ನಮ್ಮ ಮಾನ ಉಳಿಸಿದವು.

ಸೀರೆಯ ಕಥೆ ಹೀಗೆ. ತಾಯಿ ಮೀನುಗಳನ್ನು ವರ್ಷಕ್ಕೆ ಎರಡು ಮೂರು ಸಲವಾದರೂ ಹಿಡಿದು ನೋಡಲೇಬೇಕು. ನೈಲಾನ್ ಬಲೆಯ ಒಂದೊಂದು ಕಣ್ಣಿಗೂ ನಾಲ್ಕು ಗಂಟು. ಐದು ಕಿಲೋದ ಮೀನು ಅದರಲ್ಲಿ ಹೊರಳಿದರೆ ಹುರುಪೆ ಕಿತ್ತು, ಮೈಯ ಮೇಲಿನ ಲೋಳೆ ಅಳಿಸಿ ಹೋಗುತ್ತದೆ. ಕಾಕಾ ಬಂದ ಮೊದಲ ಚಳಿಗಾಲದಲ್ಲಿ ಹೀಗೆ ಹಿಡಿದ ಮೀನುಗಳೆಲ್ಲ ಎಳಿ ಬಿಟ್ಟವು. ಮಾರನೆಯ ಸಲ ಅವರು ಮನೆಯಿಂದ ಹೆಂಡತಿಯ ಹಳೆಯ ಸೀರೆಯೊಂದನ್ನು ತಂದರು. ಬಲೆಯಿಂದ ಮೀನನ್ನು ಒಂದು ಕಡೆ ಅಟ್ಟುವುದು ಅಷ್ಟೇ, ಎತ್ತುವುದು ಮಾತ್ರ ಸೀರೆಯಲ್ಲಿ. ವರ್ಷಗಟ್ಟಲೆ ಉಟ್ಟು ಒಗೆದು ಸವೆದ ಆ ಬಟ್ಟೆ ನೀರಿನಲ್ಲಿ ನೀರೇ ಆಗಿಬಿಡುತ್ತಿತ್ತು. ಎತ್ತಿದ ಮೇಲೆ ತೊಟ್ಟಿಯಲ್ಲಿ ಅದೇ ಸೀರೆಯನ್ನು ನಾಲ್ಕು ಕೋಲಿಗೆ ಕಟ್ಟಿ, ಮೀನು ಸುಧಾರಿಸಿಕೊಳ್ಳುವ ತನಕ ಅದರೊಳಗೇ ಬಿಡುತ್ತಿದ್ದರು. ಅಲ್ಲಿಂದ ಮುಂದೆ ತಾಯಿ ಮೀನುಗಳಲ್ಲಿ ಎಳಿ ಕಾಣುವುದು ಅಪರೂಪವಾಯಿತು. ಬಾದಾಮಿ, ಹುನಗುಂದದ ಕಡೆಯ ರೈತರು ಇದನ್ನು ನೋಡಿಕೊಂಡು ಹೋಗಿ ತಮ್ಮ ಹೊಂಡಗಳಲ್ಲೂ ಮಾಡತೊಡಗಿದರು. ಇಳಕಲ್ಲಿನ ಬನಪ್ಪನ ಕೈಯಲ್ಲಿ ಮೀನು ಸಾಯುವುದಿಲ್ಲ ಎಂದು ಒಂದು ಮಾತು ಹುಟ್ಟಿಕೊಂಡಿತು. ಮಗ್ಗದಲ್ಲಿ ನಲವತ್ತು ವರ್ಷ ದುಡಿದರೂ ಅವರ ಹೆಸರು ಯಾವ ಸೀರೆಯ ಮೇಲೂ ಇರಲಿಲ್ಲ. ಈ ಮಾತು ಕಿವಿಗೆ ಬಿದ್ದಾಗ ಮುದುಕರ ಮುಖದಲ್ಲಿ ಏನೋ ಒಂದು ಹೊಳಪು ಬರುತ್ತಿತ್ತು. ಅವರಿಗೆ ಇದ್ದ ಆಸ್ತಿ ಅದೊಂದೇ ಎಂದು ನನಗೆ ಗೊತ್ತಿತ್ತು.

ಇಲ್ಲಿಯವರೆಗೆ ಬರೆಯುವುದು ಸುಲಭವಾಯಿತು. ಮುಂದಿನದನ್ನು ಬರೆಯುವ ಮೊದಲು ಎದ್ದು ಎರಡು ಸಲ ನೀರು ಕುಡಿದು ಬಂದೆ. ಈಗೀಗ ಯಾವುದಕ್ಕೂ ಹುರುಪಿಲ್ಲ. ಆದರೆ ಇದನ್ನು ಬರೆಯದೆ ಅವರ ಬಗ್ಗೆ ಬರೆದರೆ ಅದು ಹಾರ ಹಾಕಿ ಕೈ ಮುಗಿದ ಹಾಗಷ್ಟೇ ಆಗುತ್ತದೆ.

ಅವತ್ತು ಸಂಕ್ರಮಣ ಮುಗಿದು ವಾರವಾಗಿತ್ತು. ಹೊರಗಿನ ಸಂಘಗಳವರು, ಪತ್ರಿಕೆಯವರು ಕೆಲವರು ಮರುದಿನ ನಮ್ಮ ಕೇಂದ್ರ ನೋಡಲು ಬರುವವರಿದ್ದರು. ಸೀರೆಯಲ್ಲಿ ಮೀನು ಎತ್ತುವುದನ್ನೇ ನೋಡಬೇಕೆಂದು ಹೇಳಿ ಕಳಿಸಿದ್ದರು. ನನಗೆ ಹಿಗ್ಗು. ಕಾಕಾರ ಆ ಹಳೆಯ ಸೀರೆ ಬಣ್ಣ ಮಾಸಿ, ಅಲ್ಲಲ್ಲಿ ತೂತು ಬಿದ್ದು, ಪಾತ್ರೆ ಒರೆಸುವ ಅರಿವೆಗಿಂತ ಕಡೆಯಾಗಿತ್ತು. ಇಳಕಲ್ ಸೀರೆ, ಕೆಂಪು ಸೆರಗು, ಅದರಲ್ಲಿ ಹೊಳೆಯುವ ಬಂಗಾರ ಬಣ್ಣದ ಗೆಂಡೆ. ಆ ಫೋಟೋ ನನ್ನ ತಲೆಯಲ್ಲಿ ಆಗಲೇ ಅಚ್ಚಾಗಿತ್ತು. ಇಂಥ ಬುದ್ಧಿ ಓಡಿದ್ದು ನನಗೇ, ಇನ್ನಾರಿಗೂ ಅಲ್ಲ.

"ಕಾಕಾ, ನಾಳಿಗೆ ಒಂದು ಹೊಸಾ ಸೀರಿ ತರ್ರಿ. ಚಂದನ ಸೆರಗ ಇರೂದು."

ಕಾಕಾ ಬಲೆ ಹೊಲಿಯುತ್ತ ಕೂತಿದ್ದರು. ತಲೆ ಎತ್ತಿದರು. "ಹೊಸಾದು ಬ್ಯಾಡ್ರಿ ಅಕ್ಕಾರ. ಹಾಸಿನ ನೂಲಿಗಿ ಗಂಜಿ ಹಾಕಿರ್ತಾರ. ಮಗ್ಗದಿಂದ ಇಳದ ಸೀರಿ ನಿಂದರಿಸಿದ್ರ ನಿಂದರತೈತಿ, ಅಷ್ಟ ಬಿರುಸು ಇರತೈತಿ. ನಾಕು ಸಲಾ ನೀರ ತೋರಸಬೇಕು."

"ತೋರಸ್ರಿ ಹಂಗಾದ್ರ."

"ಗಂಜಿ ಬಿಡಾಕ ಮೂರು ದಿವಸರ ಬೇಕ್ರಿ. ನಾಳಿಗೆ ಆಗಂಗಿಲ್ಲ."

"ಒಂದ ದಿವಸಕ್ಕ ಏನ ಆಕ್ಕೈತಿ ಬಿಡ್ರಿ, ಕಾಕಾ. ಆ ಹರಕ ಅರಿವಿ ಹಿಡಕೊಂಡ ನಿಂತ್ರ ಮಂದಿ ನಗ್ತಾರ."

ಅವರು ಮತ್ತೆ ಬಲೆಯ ಮೇಲೆ ಬಾಗಿದರು. ನಾನು ಉಸ್ತುವಾರಿ, ಓದಿದವಳು, ಅಕ್ಕಾರು. ಮರುದಿನ ನೆರೆಮನೆಯ ಮಗ್ಗದಿಂದ ಆಗಷ್ಟೇ ಇಳಿಸಿದ ಹತ್ತಿ ಸೀರೆಯೊಂದನ್ನು ಕೇಳಿ ತಂದರು. ಅವತ್ತು ಮುಂಜಾನೆ ನೀರಿಗೆ ಕೈ ಇಟ್ಟರೆ ಬೆರಳು ಜುಮ್ಮೆನ್ನುವಂಥ ಚಳಿ. ಬಂದವರು ತಡವಾಗಿ ಬಂದರು. ಒಬ್ಬರಿಗೆ ಬೆಳಕು ಸರಿ ಬರಲಿಲ್ಲ, ಇನ್ನೊಬ್ಬರಿಗೆ ಸೆರಗು ಕಾಣಲಿಲ್ಲ. ಇಳಿಸಿ ಎತ್ತಿ, ಇಳಿಸಿ ಎತ್ತಿ, ಹದಿನೆಂಟು ತಾಯಿ ಮೀನುಗಳಲ್ಲಿ ಒಂದನ್ನೂ ಬಿಡದೆ ಸೀರೆಗೆ ಹಾಕಿದೆವು. ಬಿಗಿ ಮಡಿಕೆಯ ಹೊಸ ಬಟ್ಟೆ ಮೀನಿನ ಮೈಗೆ ಉಜ್ಜುವ ಸದ್ದು ದಂಡೆಗೆ ಕೇಳುತ್ತಿತ್ತು. ಕಾಕಾರ ಹಿಂದಿನ ಪದ್ಧತಿಯಂತೆ ಮೀನುಗಳನ್ನು ಅದೇ ಸೀರೆ ಕಟ್ಟಿದ ತೊಟ್ಟಿಯಲ್ಲಿ ಬಿಟ್ಟೆವು. ಸಂಜೆಗೆ ಆ ನೀರು ಅನ್ನ ಬಸಿದ ಗಂಜಿಯಂತೆ ಮಬ್ಬಾಗಿತ್ತು. ಕಾಕಾ ಅದನ್ನು ಕೈಯಲ್ಲಿ ತೆಗೆದುಕೊಂಡು ಬೆರಳಿನಲ್ಲಿ ತಿಕ್ಕಿ ನೋಡಿ, ಯಾರಿಗೂ ಹೇಳದೆ, ತಾವೇ ಬಕೆಟ್ಟು ಹಿಡಿದು ನೀರು ಬದಲಿಸತೊಡಗಿದರು. ನಾನು ಬಂದವರನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದೆ.

ನಾಲ್ಕನೆಯ ದಿನ ಅವರು ಬಂದು ನನ್ನ ಮೇಜಿನ ಮುಂದೆ ನಿಂತರು. "ಎಳಿ ಬಿಟ್ಟೈತ್ರಿ," ಎಂದರು. ಎಷ್ಟನೆಯ ತೊಟ್ಟಿ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉಪ್ಪು ಹಾಕಿದೆವು. ಔಷಧದ ನೀರು ಹಾಕಿದೆವು. ಗಾಯಕ್ಕೆ ಕೈಯಿಂದಲೇ ಹಚ್ಚಿದೆವು. ಬೂಷ್ಟು ಬೆನ್ನಿನಿಂದ ರೆಕ್ಕೆಗೆ, ರೆಕ್ಕೆಯಿಂದ ಬಾಯಿಗೆ ಹಬ್ಬಿತು. ಅದು ಕಿವಿರಿಗೆ ಇಳಿದ ಮೇಲೆ ಮೀನು ಮೇಲೆ ಬಂದು ಗಾಳಿಗೆ ಬಾಯಿ ಬಿಡುತ್ತದೆ. ಅದನ್ನು ನೋಡಲಾಗುವುದಿಲ್ಲ. ಆ ಎರಡು ವಾರ ಕಾಕಾ ಇಳಕಲ್ಲಿಗೆ ಹೋಗಲಿಲ್ಲ, ತಗಡಿನ ಕೋಣೆಯಲ್ಲೇ ಉಳಿದರು. ತೊಡೆಯ ಮೇಲಿನ ಕೈ ನಿಂತುಬಿಟ್ಟಿತ್ತು. ಹುಲಿಗೆವ್ವ ಕೂಡ ತಮಾಷೆ ಮಾಡುವುದನ್ನು ಬಿಟ್ಟಳು. ದಿನಕ್ಕೆ ಒಂದು, ಎರಡು, ಒಂದು ದಿನ ನಾಲ್ಕು. ಸತ್ತ ಪ್ರತಿ ಮೀನನ್ನೂ ಕಾಕಾರೇ ಎತ್ತಿ, ಬೇವಿನ ಗಿಡದ ಬುಡಕ್ಕೆ ಸುಣ್ಣ ಹಾಕಿ ಹೂಳಿದರು. ಕೊನೆಗೆ ಮೂರು ಉಳಿದವು. ಅವುಗಳೂ ಆ ವರ್ಷ ತತ್ತಿ ಇಡಲಿಲ್ಲ.

ಸಂಘದವರು ಕರೆದರು. ಮೂರು ವರ್ಷ ಸಾಕಿದ ತಾಯಿ ಮೀನು ಹೋದರೆ ಸುಮ್ಮನಿರುತ್ತಾರೆಯೇ? ಕೇಳುವುದು ಅವರ ಹಕ್ಕು. ಕಾರ್ಯದರ್ಶಿಗಳು ಮಧ್ಯದಲ್ಲಿ ಕೂತಿದ್ದರು. ನನಗೆ ಕುರ್ಚಿ ಹಾಕಿದ್ದರು, ಕಾಕಾ ಬಾಗಿಲ ಹತ್ತಿರ ನಿಂತಿದ್ದರು.

"ಏನಾತು ಬನಪ್ಪ? ನಿನ್ನ ಕೈಯಾಗ ಮೀನ ಸಾಯಂಗಿಲ್ಲ ಅಂತಿದ್ರು ಮಂದಿ."

ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಗಂಜಿ ತಗೀಲಾರದ ಅರಿವಿ ಹಾಕಿದ್ನಿರಿ. ನೇಕಾರ ನಾ, ನನಗ ತಿಳೀಬೇಕಾಗಿತ್ತು."

ಹೇಳಿ, ಒಮ್ಮೆ ನನ್ನ ಕಡೆ ನೋಡಿದರು. ಅದು ದೂರುವ ನೋಟವಾಗಿರಲಿಲ್ಲ. ನಾನೇನಾದರೂ ಹೇಳುವವಳಿದ್ದರೆ ಹೇಳಲಿ ಎಂದು ತಾವು ಮಾತು ನಿಲ್ಲಿಸಿ ಜಾಗ ಬಿಟ್ಟುಕೊಟ್ಟ ನೋಟ. ಆ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಕಾರ್ಯದರ್ಶಿಗಳು ಪೆನ್ನಿನ ಟೊಪ್ಪಿಗೆ ಬಿಚ್ಚುತ್ತಿದ್ದರು. ನಾನು ನೆಲ ನೋಡಿದೆ. ಆ ಹೊತ್ತಿನಲ್ಲಿ ಮನಸ್ಸು ಹೊಯ್ದಾಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಬದುಕಿಕೊಂಡೆ ಎನ್ನಿಸಿತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಕಾ ಮುದುಕರು, ಸಂಘದವರು ಬೈದು ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಕಾರ್ಯದರ್ಶಿಗಳು ನನಗೆ ವರದಿ ಬರೆದುಕೊಡಿ ಎಂದರು. "ಕೆಲಸಗಾರನ ಅಜಾಗರೂಕತೆಯಿಂದ ಗಂಜಿಯುಳ್ಳ ಬಟ್ಟೆಯನ್ನು ಬಳಸಲಾಗಿ, ಮೀನುಗಳಿಗೆ ಶಿಲೀಂಧ್ರ ಸೋಂಕು ತಗಲಿರುತ್ತದೆ" ಎಂದು ಬರೆದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ನನ್ನ ಕೈಬರಹ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ.

ನಾಳೆಯಿಂದ ಬರುವುದು ಬೇಡ ಎಂದು ಅವರಿಗೆ ಹೇಳಿದರು. ಕಾಕಾ ಕೇಂದ್ರಕ್ಕೆ ಬಂದು ತಮ್ಮ ಊಟದ ಡಬ್ಬಿ, ಒಂದು ಟವೆಲ್ಲು ತೆಗೆದುಕೊಂಡರು. ಹೊಂಡದ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ಬರ್ತೇನ್ರಿ ಅಕ್ಕಾರ. ಉಳದ ಮೂರನ್ನ ಬಿಸಲ ಬೀಳೂ ತೊಟ್ಟ್ಯಾಗ ಇಡ್ರಿ" ಎಂದು ಹೇಳಿ ರಸ್ತೆಗೆ ಹತ್ತಿದರು. ಹೂಂ ಎಂದೆ.

ಬಾದಾಮಿ ಕಡೆಯ ರೈತನೊಬ್ಬ ಮರಿ ಸಿಗುತ್ತವೆಯೇ ಎಂದು ಕೇಳಲು ಬಂದಾಗ, "ಆ ಬನಪ್ಪನ ಕೈಯಿಂದ ಎಲ್ಲಾ ಹೋದೂವಂತಲ್ರಿ" ಎಂದು ಮಾತು ತೆಗೆದ. ಊರೂರಿಗೆ ಮಾತು ಹೋಗಿತ್ತು. ಆಮೇಲೂ ಎಷ್ಟೋ ಜನ ಹಾಗೇ ಕೇಳಿದರು. ನಾನು ಪ್ರತಿ ಸಲವೂ ಬೇರೆ ಮಾತಿಗೆ ತಿರುಗಿಸಿದೆ. ಆ ವರ್ಷ ನನ್ನ ಕೆಲಸ ಕಾಯಂ ಆಯಿತು. ಅದರ ಮುಂದಿನ ವರ್ಷ ಹೊಸ ತಾಯಿ ಮೀನು ಬಂದವು. ಕೆಲಸದವರು ಹಳೆಯ ಸೀರೆಯಲ್ಲೇ ಎತ್ತಿದರು, ಯಾರು ಕಲಿಸಿದ್ದೆಂದು ಯಾರೂ ಹೇಳಲಿಲ್ಲ. ಮೀನಿನ ಮೇಲೆ ಬಿಳಿ ಎಳೆ ಕಾಣುವುದು ದೊಡ್ಡದಾದ ಮೇಲೆಯೇ. ಮೊದಲು ನೋಡುವ ಕಣ್ಣು ನಮ್ಮಲ್ಲಿ ಯಾರಿಗೂ ಇರಲಿಲ್ಲ. ದಿನಾ ಎರಡು ಬಸ್ಸು ಹತ್ತಿ ಇಳಿದು, ಸಂಜೆ ಮನೆಗೆ ಹೋಗಿ ಕಾಲು ಚಾಚಿದರೆ, ಆ ಬಾಗಿಲ ಹತ್ತಿರ ನಿಂತ ಮನುಷ್ಯ ಕಣ್ಣ ಮುಂದೆ ಬರುತ್ತಿದ್ದರು. ಮೂರು ವರ್ಷ ಹೀಗೆ ಕಳೆಯಿತು. ತಪ್ಪು ಮಾಡಿದವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ನನಗೆ ಬರುತ್ತಿತ್ತು. ಎದ್ದ ಮೇಲೆ ದಣಿವು ಮಾತ್ರ ಹೋಗುತ್ತಿರಲಿಲ್ಲ.

ಕಾಕಾರಿಗೆ ದಮ್ಮು ಹೆಚ್ಚಾಗಿದೆ ಎಂದು ಹುಲಿಗೆವ್ವ ಸುದ್ದಿ ತಂದಳು. ಅದನ್ನು ಕೇಳಿದ ದಿನವೇ ಸಂಘಕ್ಕೆ ಹೋಗಿ ಇನ್ನೊಂದು ಕಾಗದ ಬರೆದುಕೊಟ್ಟೆ. ಹೊಸ ಸೀರೆ ಬೇಕೆಂದು ಹಟ ಹಿಡಿದವಳು ನಾನು, ಗಂಜಿಯ ವಿಷಯವನ್ನು ಅವರು ಮೊದಲೇ ಹೇಳಿದ್ದರು, ಚಳಿಯಲ್ಲಿ ಫೋಟೋಕ್ಕಾಗಿ ಮತ್ತೆ ಮತ್ತೆ ಮೀನು ಎತ್ತಿಸಿದವಳೂ ನಾನೇ ಎಂದು. ಕಾರ್ಯದರ್ಶಿಗಳು ಓದಿ, ಕನ್ನಡಕ ತೆಗೆದು, "ಈಗ್ಯಾಕ್ರಿ ಬಾಯಾರ ಇದು, ಆಗಿ ಹೋಗಿದ್ದು" ಎಂದರು. ಆದರೂ ಹಳೆಯ ವರದಿಯ ಜೊತೆಗೆ ಹಚ್ಚಿಟ್ಟರು. ನಾನು ಅದರದೊಂದು ಝೆರಾಕ್ಸ್ ಮಾಡಿಸಿಕೊಂಡೆ.

ಅದನ್ನು ಹಿಡಿದುಕೊಂಡು ಇಳಕಲ್ಲಿಗೆ ಹೋದ ದಿನವೇ ನಾನು ಅವರನ್ನು ಕೊನೆಯದಾಗಿ ನೋಡಿದ್ದು. ಒಂದೂವರೆ ತಿಂಗಳಿಗೆ ಅವರು ತೀರಿಹೋದರು. ನಾನು ಹೋದಾಗ ಮುಂಜಾನೆಯ ಬಿಸಿಲು. ಓಣಿಯ ತುಂಬ ಮಗ್ಗದ ಸದ್ದಿತ್ತು, ಅವರ ಮನೆಯಲ್ಲಿ ಮಾತ್ರ ಇರಲಿಲ್ಲ. ಮಗ್ಗದ ಕುಣಿಗೆ ಹಲಗೆ ಮುಚ್ಚಿ ಜೋಳದ ಚೀಲ ಇಟ್ಟಿದ್ದರು. ಕಾಕಾ ಗೋಡೆಗೆ ಒರಗಿ ಕೂತಿದ್ದರು. ಇಳಿದು ಹೋಗಿದ್ದರು. ನನ್ನನ್ನು ನೋಡಿ ಏಳಲು ಹೋದರು, ಅವರ ಹೆಂಡತಿ ಕಾಕು ಭುಜ ಒತ್ತಿ ಕೂರಿಸಿದಳು.

"ಅಕ್ಕಾರ ಬಂದಾರ, ಚಾ ಇಡು," ಎಂದರು. ಆಮೇಲೆ ಉಸಿರು ಕೂಡಿಸಿಕೊಂಡು, "ಮೀನ ಹೆಂಗದಾವ್ರಿ?" ಎಂದು ಕೇಳಿದರು.

ಚೆನ್ನಾಗಿವೆ ಎಂದೆ. ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಹೆಂಡತಿಗೆ ಕೊಟ್ಟರು. ಕಾಕು ಏಳನೆಯ ಇಯತ್ತೆ ಓದಿದವಳು. ಒಲೆಯ ಮುಂದೆ ಕೂತೇ, ಅಕ್ಷರ ಕೂಡಿಸಿ ಕೂಡಿಸಿ, ಸಾಲಿ ಹುಡುಗರ ಹಾಗೆ ದೊಡ್ಡ ದನಿಯಲ್ಲಿ ಓದಿದಳು. ನಾನು ಬರೆದ ಮಾತುಗಳು ಅವಳ ಬಾಯಲ್ಲಿ ಬಹಳ ಉದ್ದವಾದವು. "ಸದರಿ ಘಟನೆಗೆ ನಾನೇ ಹೊಣೆಗಾರಳಾಗಿರುತ್ತೇನೆ" ಎಂಬಲ್ಲಿ ನಿಂತು, ಗಂಡನ ಮುಖ ನೋಡಿ, ಮತ್ತೆ ಮೊದಲಿನಿಂದ ಆ ಸಾಲನ್ನು ಓದಿದಳು. ಕಾಕಾ ಕಣ್ಣು ಮುಚ್ಚಿ ಕೇಳಿದರು.

"ಛಲೋ ಬರದೀರಿ," ಎಂದರು.

ಇನ್ನೇನಾದರೂ ಹೇಳುತ್ತಾರೆಂದು ಕಾಯುತ್ತ ಕೂತೆ. ಇಷ್ಟು ದೂರ ಬಂದು, ಇಷ್ಟು ವರ್ಷಕ್ಕಾದರೂ ಬರೆದುಕೊಟ್ಟೆನಲ್ಲ, ಹೋಗ್ಲಿ ಬಿಡವಾ ಎನ್ನುತ್ತಾರೆ ಎಂಬ ಆಸೆ ನನಗಿತ್ತು. ಅದನ್ನು ಪಡೆದುಕೊಂಡು ಹೋಗಲೆಂದೇ ಬಂದಿದ್ದೆ. ಚಹಾ ಬಂತು. ಬಸಿಯಲ್ಲಿ ಸುರಿದುಕೊಂಡು ಕುಡಿದೆವು. ತಡೆಯಲಾರದೆ ನಾನೇ ಅಂದೆ.

"ಕಾಕಾ, ಆ ಮೀನ ಸತ್ತದ್ದು ನನ್ನಿಂದ."

ಅವರು ಬಸಿ ಕೆಳಗಿಟ್ಟರು. ಮಾತಿಗೆ ಬೇಕಾದಷ್ಟು ಉಸಿರು ಸೇರಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ 
ನಾನು ಅತ್ತುಬಿಡಬಹುದಿತ್ತು.

"ಆ ಥಂಡ್ಯಾಗ ಮೀನ ಹೆಂಗೂ ಉಳೀತಿದ್ದಿಲ್ಲ ಬಿಡ್ರಿ ಅಕ್ಕಾರ," ಎಂದರು. "ಅವತ್ತ ಸಂಘದಾಗ ನೀವೊಂದು ಮಾತ ಆಡಿದ್ರ, ನಾ ಉಳೀತಿದ್ನಿ."